ಅವರ ಹೆಸರಿನಲ್ಲಿ ಅಳಿಸಿದ್ದು

ಮೂರನೇ ಮಹಡಿಯ ಕೋಣೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಮಾವಾ,

ನಿಮ್ಮ ಸೊಸೆಯ ನಮಸ್ಕಾರ. ಕಣ್ಣು ಹೇಗಿದೆ? ಪೊರೆ ತೆಗೆಸಿಕೊಂಡ ಮೇಲೆ ಡಾಕ್ಟರು ಹೇಳಿದಷ್ಟು ದಿನ ಡ್ರಾಪ್ಸ್ ಹಾಕಿಕೊಳ್ಳಲೇಬೇಕು. "ಈಗ ಚೆನ್ನಾಗಿ ಕಾಣ್ತಿದೆಯಲ್ಲ, ಇನ್ಯಾಕೆ" ಎಂದು ಬಾಟಲಿಯನ್ನು ಮೂಲೆಗೆ ಸೇರಿಸಬೇಡಿ. ನೀವು ಕಪ್ಪು ಕನ್ನಡಕ ತೆಗೆದಿಟ್ಟು, ಬಾಗಿಲ ಹಿಂದೆ ಕಳ್ಳನ ಹಾಗೆ ಕೂತು ಪೇಪರ್ ಓದುತ್ತೀರಿ ಎಂದು ಅತ್ತೆ ನನಗೆ ಚಾಡಿ ಹೇಳಿದ್ದಾರೆ. ಹಾಗಾಗಿ ಈ ಕಾಗದವನ್ನು ದಪ್ಪ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆಯುತ್ತಿದ್ದೇನೆ. ಆದರೂ ಕಣ್ಣು ಸೋತರೆ ಒಂದೇ ಉಸಿರಿಗೆ ಓದಬೇಡಿ, ನಾಳೆಗೆ ಇಟ್ಟುಕೊಳ್ಳಿ. ಆದರೆ ಬೇರೆ ಯಾರ ಕೈಯಲ್ಲೂ ಓದಿಸಬೇಡಿ. ನಿಮ್ಮ ಮಗನ ಕೈಯಲ್ಲಂತೂ ಬೇಡವೇ ಬೇಡ. ಅತ್ತೆಯ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಿ ಬಟ್ಟೆ ಒಣಗಿಸಲು ಹೋಗುವುದನ್ನು ಅವರು ನಿಲ್ಲಿಸಿಲ್ಲ ಎಂದು ನನಗೆ ಗೊತ್ತು. ಅವರ ಮೇಲೂ ಚಾಡಿ ಹೇಳುವವರಿದ್ದಾರೆ, ಹೆಸರು ಪುಟ್ಟಿ.

ವಾರಕ್ಕೆರಡು ಸಲ ಫೋನಿನಲ್ಲಿ ಮುಖ ನೋಡುವವಳು ಈಗ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಯ ವಿಡಿಯೋ ಕಾಲ್ ಎಂದರೆ ನಿಮಗೆ ಗೊತ್ತಲ್ಲ, ಅದೊಂದು ಸಂತೆ. ಮುಂದೆ ಪುಟ್ಟಿಯ ಮೂಗು, ಅದರ ಹಿಂದೆ ಅತ್ತೆಯ ಕಿವಿ, ಪಕ್ಕದಲ್ಲಿ ನಿಮ್ಮ ಮಗನ ಅರ್ಧ ಹೆಗಲು, ದೂರದ ಕುರ್ಚಿಯಲ್ಲಿ ಕೈಯೆತ್ತಿ ಆಶೀರ್ವಾದ ಮಾಡುವ ನೀವು. ಅಷ್ಟು ಜನರ ಮುಂದೆ ಒಬ್ಬರಿಗೇ ಹೇಳಬೇಕಾದ ಮಾತು ಹೇಳಲಾಗುವುದಿಲ್ಲ. ಹೋದ ತಿಂಗಳು ಪುಟ್ಟಿ, "ನಮ್ಮಮ್ಮ ಫಾರಿನ್‌ನಲ್ಲಿ ಕಂಪ್ಯೂಟರ್ ಡಾಕ್ಟರ್ ಅಂತ ಸ್ಕೂಲಲ್ಲಿ ಹೇಳ್ದೆ" ಅಂದಳು. ಎಲ್ಲರೂ ನಕ್ಕಿರಿ. ಆಗ ಸಿಗ್ನಲ್ ಸರಿಯಿಲ್ಲ ಎಂದು ನಾನು ಫೋನ್ ಇಟ್ಟುಬಿಟ್ಟೆ. ಸಿಗ್ನಲ್ ಸರಿಯಾಗಿಯೇ ಇತ್ತು ಮಾವ.

ನನ್ನ ಕೆಲಸ ಏನೆಂದು ನಿಮ್ಮಷ್ಟು ಚೆನ್ನಾಗಿ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ನೀವು ಮಾತ್ರ ಕೂತು ಕೇಳಿದ್ದಿರಿ. ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಕೂದಲಿನಷ್ಟು ಸಣ್ಣ ಕುಂಚದಲ್ಲಿ ಪದರ ಪದರವಾಗಿ ಏರಿಸಿ, ಕುಲುಮೆಯಲ್ಲಿ ಬೇಯಿಸಿ ಹಲ್ಲು ಮಾಡುವುದು. ದಂತವೈದ್ಯರು ಅಚ್ಚು ಕಳಿಸುತ್ತಾರೆ, ನಾವು ಹಲ್ಲು ಮಾಡಿ ಕಳಿಸುತ್ತೇವೆ. ಬಾಯಿ ತೆರೆದವರ ಮುಖವನ್ನೇ ನಾವು ನೋಡುವುದಿಲ್ಲ. ಅಷ್ಟಕ್ಕೆ ಬಂದವಳು ನಾನು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಪ್ರಿಂಟರ್‌ಗೆ ಕಾಗದ ಸಿಕ್ಕಿಕೊಂಡಿತು. ಎಲ್ಲರೂ ಸುತ್ತ ನಿಂತು ಅದಕ್ಕೆ ಬೈಯುತ್ತಿದ್ದರು. ನಾನು ಹಿಂದಿನ ಮುಚ್ಚಳ ತೆಗೆದು, ಕಾಗದ ಎಳೆದು, ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಅಷ್ಟೇ. ಅದು ಗುರ್ ಎಂದು ಓಡಿತು. ಲ್ಯಾಬಿನ ಯಜಮಾನರು ನನ್ನನ್ನೇ ನೋಡಿ, "ಅದೇ ಅಂದ್ಕೊಂಡೆ. ನಿಮ್ಮ ಕಡೆಯವರಿಗೆ ಇದೆಲ್ಲ ಹುಟ್ಟಿನಿಂದಲೇ ಬರುತ್ತೆ" ಅಂದರು. (ಇವರ ಭಾಷೆಯಲ್ಲಿ ಹೇಳಿದ್ದನ್ನೆಲ್ಲ ನಮ್ಮ ಮಾತಿಗೆ ತಿರುಗಿಸಿಯೇ ಬರೆಯುತ್ತಿದ್ದೇನೆ.) ಇಲ್ಲ, ನನಗೇನೂ ಬರಲ್ಲ, ನಮ್ಮನೇಲಿ ಟಿವಿ ರಿಮೋಟಿನ ಬ್ಯಾಟರಿ ಹಾಕೋದಕ್ಕೂ ನನ್ನ ಗಂಡನೇ ಬರಬೇಕು ಎಂದು ಅವತ್ತೇ ಹೇಳಿಬಿಟ್ಟಿದ್ದರೆ ಈ ಕಾಗದವೇ ಇರುತ್ತಿರಲಿಲ್ಲ. ಹೇಳಲಿಲ್ಲ. ಹೊಸ ಜಾಗದಲ್ಲಿ ಯಾರೋ ನನ್ನನ್ನು ನೋಡಿ ತಲೆದೂಗಿದ್ದು ಅದೇ ಮೊದಲು. ಸುಮ್ಮನೆ ನಕ್ಕೆ.

ಆಲದ ಮರವಿಲ್ಲದ ಊರಲ್ಲಿ ಔಡಲ ಗಿಡವೇ ಮಹಾವೃಕ್ಷ. ಅಲ್ಲಿಂದ ಎಲ್ಲದಕ್ಕೂ ನಾನೇ. "ಸ್ವಲ್ಪ ಬಾ, ಇದು ನಿಂತೋಯ್ತು." "ಸ್ವಲ್ಪ ಬಾ, ಇದು ಕಿರುಚ್ತಿದೆ." "ಸ್ವಲ್ಪ ಬಾ, ನಾನೇನೂ ಮಾಡಿಲ್ಲ, ತಾನಾಗೇ ಹಿಂಗಾಯ್ತು." ನಾನು ಹೋಗಿ ಗಂಭೀರವಾಗಿ ನಿಂತು, ಗಲ್ಲ ಉಜ್ಜಿಕೊಂಡು, ಆರಿಸಿ ಹಾಕುತ್ತಿದ್ದೆ. ಅದಕ್ಕೂ ಬಗ್ಗದಿದ್ದರೆ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಫೋನಿನಲ್ಲಿ ಹುಡುಕಿ, ಕಲಿತು ಬಂದು, ಮೊದಲೇ ಗೊತ್ತಿದ್ದವಳ ಹಾಗೆ ಮಾಡುತ್ತಿದ್ದೆ. ಇವಳಿಗೆ ಪಾಪ ಹೊಟ್ಟೆ ಸರಿಯಿಲ್ಲ ಎಂದು ನಮ್ಮಲ್ಲಿ ಹಲ್ಲಿಗೆ ಪಾಲಿಶ್ ಹಾಕುವವನು ಎಲ್ಲರ ಹತ್ತಿರ ಹೇಳಿದ್ದನಂತೆ. ಈ ನಡುವೆ ನನ್ನ ಮೇಜಿನ ಮೇಲೆ ಅರ್ಧ ಏರಿಸಿಟ್ಟ ಪಿಂಗಾಣಿ ಒಣಗಿ ಬಿರುಕು ಬಿಡುತ್ತಿತ್ತು. ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ. ಬೇಡವೆಂದರೆ ಗೊತ್ತಿಲ್ಲವೆಂದು ಗೊತ್ತಾಗಿಬಿಡುತ್ತದಲ್ಲ. ಸ್ವಲ್ಪ ದಿನ ಕಳೆದ ಮೇಲೆ ಯಜಮಾನರು ನಿಯಮದ ಹಾಗೆಯೇ ಹೇಳಿದರು: ಕಂಪ್ಯೂಟರ್ ವಿಷಯ ಇವಳದ್ದು. ವಾರಕ್ಕೊಂದು ಸಲ ಎಲ್ಲ ಕೆಲಸದ ನಕಲನ್ನು ಬೇರೆ ಡಬ್ಬಿಯಲ್ಲಿ ಇಳಿಸಿಡಬೇಕು. ಶುಕ್ರವಾರ ಸಂಜೆ ಅವರು ಕೋಟು ಹಾಕಿಕೊಳ್ಳುತ್ತ "ಆಯ್ತಾ?" ಎಂದು ಕೇಳುತ್ತಿದ್ದರು. ನಾನು "ಆಯ್ತು" ಎನ್ನುತ್ತಿದ್ದೆ. ಮೊದಮೊದಲು ನಿಜವಾಗಿಯೂ ಆಗಿರುತ್ತಿತ್ತು. ಆಮೇಲಾಮೇಲೆ ಬರೀ ಬಾಯಿಮಾತಲ್ಲಿ ಆಗುತ್ತಿತ್ತು.

ಈಗ ಮೇಣದಜ್ಜನ ವಿಷಯ. ಅದು ನಾನು ಮನಸ್ಸಿನಲ್ಲೇ ಇಟ್ಟುಕೊಂಡ ಹೆಸರು. ನಮ್ಮ ಲ್ಯಾಬಿನ ಹಿರಿಯ ಕೆಲಸಗಾರರು ಅವರು. ಸಣ್ಣ ದೀಪದ ಉರಿಯಲ್ಲಿ ಚಾಕು ಕಾಯಿಸಿ ಮೇಣದಲ್ಲಿ ಹಲ್ಲು ಕೆತ್ತುತ್ತಾರೆ. ಹಾಗೆಂದು ಅವರನ್ನು ಋಷಿ ಎಂದುಕೊಳ್ಳಬೇಡಿ. ಬಾಯಿ ಬಿಟ್ಟರೆ ಜಂಬ. ಬೇರೆಯವರ ಒಳ್ಳೆಯ ಕುಂಚಗಳನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ, ಕೇಳಿದರೆ "ನಿನ್ನ ಕೈಲಿ ಅದು ಅಳ್ತಿತ್ತು" ಎನ್ನುತ್ತಾರೆ. ನನ್ನನ್ನು ಕರೆಯುತ್ತಿದ್ದದ್ದು "ಆರಿಸಿ-ಹಾಕಮ್ಮ" ಎಂದು. ಹೊಸ ಪದ್ಧತಿಯಲ್ಲಿ ಅಚ್ಚನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಪರದೆಯ ಮೇಲೇ ಹಲ್ಲಿನ ಆಕಾರ ಮಾಡಬೇಕು. ಅದು ಅವರಿಗೆ ಹತ್ತಲಿಲ್ಲ. ಮೌಸನ್ನು ಜಿರಲೆ ಹಿಡಿದ ಹಾಗೆ ಹಿಡಿಯುತ್ತಿದ್ದರು. ನನ್ನನ್ನು ಕರೆಯಲು ಅಹಂಕಾರ ಬಿಡದು, ಕರೆಯದೆ ಕೆಲಸ ಆಗದು. ಒಂದು ದಿನ ಊಟದ ಬಿಡುವಿನಲ್ಲಿ ಪಕ್ಕ ಬಂದು ಕೂತು, ನನ್ನ ಮುಖ ನೋಡದೆ, "ನೀನು ನನ್ನ ಪರದೆ ಕೆಲಸ ಮಾಡಿಕೊಡು, ನಾನು ನಿನ್ನ ಮುಂದಿನ ಹಲ್ಲುಗಳನ್ನ ತಿದ್ದಿಕೊಡ್ತೀನಿ, ಯಾರಿಗೂ ಹೇಳ್ಬೇಡ" ಅಂದರು. ಹಾಗೆ ಶುರುವಾಯಿತು. ಅವರ ಪಾಸ್‌ವರ್ಡ್ ಕೂಡ ನಾನೇ ಇಟ್ಟದ್ದು. ಅವರ ಹೆಂಡತಿ ಊರ ಬಸ್ ಓಡಿಸಿ ನಿವೃತ್ತರಾದವರು, ಆ ಬಸ್ಸಿನ ನಂಬರೇ ಪಾಸ್‌ವರ್ಡ್, ಮರೆಯದಿರಲಿ ಎಂದು. ಅವರಿಂದ ನಾನು ಕಲಿತದ್ದಕ್ಕೆ ಲೆಕ್ಕವಿಲ್ಲ ಮಾವ. "ಹಲ್ಲನ್ನ ಹಲ್ಲಲ್ಲಿ ನೋಡ್ಬೇಡ, ನಗೋವಾಗ ನೋಡು. ಬಸ್ಸಲ್ಲಿ ಜನ ನಗ್ತಿರ್ತಾರೆ, ದುಡ್ಡು ಕೊಡಬೇಕಾಗಿಲ್ಲ, ನೋಡು" ಎನ್ನುತ್ತಿದ್ದರು. ನೀವು ಟೈಪಿಂಗ್ ಕಲಿಸುವಾಗ ಮಶೀನಿನ ಸದ್ದು ಕೇಳಿಯೇ ತಪ್ಪು ಹಿಡಿಯುತ್ತಿದ್ದಿರಂತಲ್ಲ, ಹಾಗೆ ಇವರು ಕುಂಚ ನೀರಲ್ಲಿ ಅದ್ದುವ ಸದ್ದಿಗೇ ಹೆಚ್ಚಾಯಿತು ಎನ್ನುತ್ತಿದ್ದರು.

ಚಳಿಗಾಲದಲ್ಲಿ ಒಂದು ಕೆಲಸ ಬಂತು. ಅಪಘಾತದಲ್ಲಿ ಮೇಲಿನ ಹಲ್ಲೆಲ್ಲ ಕಳೆದುಕೊಂಡ ಒಬ್ಬ ಸಂಗೀತ ಕಲಿಸುವ ಹೆಂಗಸು. ಅಪಘಾತಕ್ಕೆ ಮೊದಲು ಯಾವುದಕ್ಕೋ ತೆಗೆದಿದ್ದ ಅವರ ಹಲ್ಲಿನ ಹಳೆಯ ಅಚ್ಚು ದಂತವೈದ್ಯರ ಹತ್ತಿರ ಇತ್ತು. ಆಕೆಗೆ ಬೇಕಾದದ್ದು ಚಂದದ ಹಲ್ಲಲ್ಲ, ತನ್ನದೇ ಹಲ್ಲು. ಒಂದರ ಮೇಲೊಂದು ಸ್ವಲ್ಪ ಹತ್ತಿದ ಎರಡು, ನಡುವೆ ಸಣ್ಣ ಸಂದಿ, ಎಲ್ಲ ಹಾಗೆಯೇ ಇರಬೇಕು. ಅಚ್ಚು ಎಷ್ಟು ಹಳೆಯದೆಂದರೆ ಸ್ಕ್ಯಾನ್ ಮಾಡಿ ಎತ್ತುವಾಗಲೇ ಅಂಚು ಉದುರಿ ಸುಣ್ಣದಂತೆ ಪುಡಿಯಾಯಿತು. ಉಳಿದದ್ದು ಮೇಣದಜ್ಜನ ಕಂಪ್ಯೂಟರಿನಲ್ಲಿದ್ದ ಆ ಸ್ಕ್ಯಾನ್ ಒಂದೇ. ಅಜ್ಜ ಇದೊಂದನ್ನು ಮಾತ್ರ ದಿನವೂ ತಾವೇ ಹೇಗೋ ತೆರೆದುಕೊಂಡು, ಪರದೆಗೆ ಮೂಗು ತಾಗಿಸಿ ನೋಡಿ, ಬಂದು ಮೇಣದಲ್ಲಿ ಕೆತ್ತುತ್ತಿದ್ದರು. ಅಷ್ಟು ಖುಷಿಯಾಗಿ ಅವರು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕುಂಚಗಳನ್ನೂ ವಾಪಸ್ಸು ತಂದಿಟ್ಟರು ಎಂದರೆ ನೀವೇ ಯೋಚಿಸಿ.

ಆ ವಾರವೇ ಅವರ ಕಂಪ್ಯೂಟರ್ ಜಾಗವಿಲ್ಲ ಎಂದು ಹಟ ಹಿಡಿಯಿತು. ಸ್ಕ್ಯಾನರ್ ಅದಕ್ಕೇ ಹೊಂದಿಕೊಂಡದ್ದು, ಅದು ನಿಂತರೆ ಇಡೀ ಲ್ಯಾಬು ನಿಲ್ಲುತ್ತದೆ. ಅಜ್ಜ ಆಗ ಹೊರಗೆ ಹೋಗಿದ್ದರು. ಯಜಮಾನರು ಬಾಗಿಲಲ್ಲಿ ನಿಂತು "ಏನಾದ್ರೂ ಮಾಡು, ಬೇಗ ಮಾಡು" ಅಂದರು. ನನ್ನ ಮೇಜಿನ ಮೇಲೆ ಒದ್ದೆ ಪಿಂಗಾಣಿ ಒಣಗುತ್ತಿತ್ತು. ನಾನು ಬಸ್ಸಿನ ನಂಬರು ಒತ್ತಿ, ಅಜ್ಜನ ಹೆಸರಿನಲ್ಲೇ ಒಳಗೆ ಹೋಗಿ, ಹಳೆಯದೆಂದು ಕಂಡದ್ದನ್ನೆಲ್ಲ ಗುಡಿಸಿದೆ. ಹೆಸರಿಲ್ಲದ ಒಂದು ಫೋಲ್ಡರ್ ಇತ್ತು, ಭಾರವಾಗಿತ್ತು. ತೆರೆದು ನೋಡಲಿಲ್ಲ. ಯಾವುದರದ್ದೋ ಎರಡನೇ ಪ್ರತಿ ಇರಬೇಕೆಂದು ಅಳಿಸಿದೆ. ಆಮೇಲೆ, ಒಳ್ಳೆಯ ಹೆಂಗಸು ಕಸವನ್ನು ಮೂಲೆಯಲ್ಲಿ ಬಿಡುವುದಿಲ್ಲವಲ್ಲ, ಬುಟ್ಟಿಯನ್ನೂ ಖಾಲಿ ಮಾಡಿದೆ. ಕಂಪ್ಯೂಟರ್ ಹಗುರಾಗಿ ಓಡಿತು. ಯಜಮಾನರು ಬೆನ್ನು ತಟ್ಟಿದರು. ನಾನು ಬೀಗಿಕೊಂಡು ಬಂದು ಕೂತೆ.

ಮರುದಿನ ಬೆಳಗ್ಗೆ ಅಜ್ಜ ಹುಡುಕುತ್ತಿದ್ದರು. "ನಿನ್ನೆ ಇಲ್ಲೇ ಇತ್ತಲ್ಲ, ಇಲ್ಲೇ ಇತ್ತಲ್ಲ" ಎಂದು ಗೊಣಗುತ್ತಿದ್ದರು. ಆ ಹೆಸರಿಲ್ಲದ ಫೋಲ್ಡರ್ ಯಾವುದೆಂದು ನನಗೆ ಕುಂಚ ಹಿಡಿದಲ್ಲೇ ಗೊತ್ತಾಯಿತು. ಯಜಮಾನರು ಕೂಗಿ ಕರೆದರು. ನಾನು ಹೋಗಿ ನೋಡಿದೆ, ಎಲ್ಲರೂ ನನ್ನ ಹಿಂದೆ ನಿಂತಿದ್ದರು. ಯಾರು, ಯಾವಾಗ ಏನು ಅಳಿಸಿದರು ಎಂದು ಆ ಮಶೀನೇ ಬರೆದಿಟ್ಟುಕೊಂಡಿರುತ್ತದೆ. ಅಲ್ಲಿ ಅಜ್ಜನ ಹೆಸರಿತ್ತು. ಹೊತ್ತನ್ನು ಯಾರೂ ನೋಡಲಿಲ್ಲ, ನಾನು ಎಂದಿನಂತೆ ಆರಿಸಿ ಹಾಕಿದ್ದೆ ಎಂದೇ ಯಜಮಾನರು ತಿಳಿದಿದ್ದರು. "ಯಾರು ಅಳಿಸಿದ್ದು?" ಅಂದರು ಯಜಮಾನರು. ನಾನು ಹೇಳಿದೆ: "ಇವರ ಹೆಸರಿನಲ್ಲಿ ಅಳಿಸಿದೆ." ಮಾವ, ನಾನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದರೆ ಒಂದಲ್ಲ ಒಂದು ದಿನ ಯಾರಾದರೂ ಹಿಡಿಯುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ನಿಜವನ್ನೇ ಅವರ ಕಡೆಗೆ ತಿರುಗಿಸಿಟ್ಟೆ. ನಕಲು ಇಳಿಸಿಟ್ಟಿದ್ದೀಯಲ್ಲ ಎಂದು ಕೇಳಿದ್ದಕ್ಕೆ, ಆ ವಾರದ್ದು ಅದರಲ್ಲಿ ಬಂದಿಲ್ಲ, ಯಾಕೋ ಗೊತ್ತಿಲ್ಲ ಅಂದೆ. ಅದಂತೂ ಅಪ್ಪಟ ಸುಳ್ಳು. ಅಜ್ಜ ಮಾತ್ರ ನನ್ನ ಕಡೆ ನೋಡಲೇ ಇಲ್ಲ. ತಮ್ಮ ಬೆರಳುಗಳನ್ನು ನೋಡಿಕೊಂಡರು. "ನಾನೇ ಏನೋ ಒತ್ತಿರ್ಬೇಕು" ಅಂದರು. ಮನೆಯ ಕಂಪ್ಯೂಟರ್ ನಿಂತಾಗಲೆಲ್ಲ ನೀವು ಹೇಳುವುದೂ ಇದೇ ಮಾತಲ್ಲವೇ? ನಮ್ಮ ವಯಸ್ಸಿನವರಿಗೆ ಮಶೀನಿನ ಮೇಲೆ ಸಿಟ್ಟು ಬರುತ್ತದೆ, ನಿಮ್ಮ ವಯಸ್ಸಿನವರಿಗೆ ನಿಮ್ಮ ಮೇಲೆಯೇ ಅನುಮಾನ ಬರುತ್ತದೆ. ಆ ಅನುಮಾನದ ಮರೆಯಲ್ಲಿ ನಾನು ಅಡಗಿಕೊಂಡೆ.

ಸಂಗೀತದ ಹೆಂಗಸಿಗೆ ಸಾಲಾಗಿ, ಒಪ್ಪವಾಗಿ, ಜಾಹೀರಾತಿನ ಹಲ್ಲು ಮಾಡಿ ಕಳಿಸಿದರು. ಪಾಲಿಶ್ ಹಾಕುವವನು ಅದನ್ನು ಒಯ್ದುಕೊಟ್ಟು ಬಂದು, ಆಕೆ ಕನ್ನಡಿ ನೋಡಿ "ಥ್ಯಾಂಕ್ಸ್" ಅಂದು, ಬಾಯಿ ಮುಚ್ಚಿಕೊಂಡೇ ಹೊರಟುಹೋದರಂತೆ ಎಂದ. ಅಜ್ಜ ಆ ದಿನದಿಂದ ಒಂದು ಕೆಲಸವನ್ನೂ ಒಂದೇ ಸಲಕ್ಕೆ ಮುಗಿಸಲಿಲ್ಲ. ಮಾಡಿದ್ದನ್ನು ಮತ್ತೆ ನೋಡುವುದು, ದೀಪ ಆರಿಸಿ ಮತ್ತೆ ಹೋಗಿ ಮುಟ್ಟಿ ನೋಡುವುದು. ಜಂಬ ನಿಂತಿತು. ಕುಂಚ ಕದಿಯುವುದೂ ನಿಂತಿತು. ಆಮೇಲೆ ಒಂದು ದಿನ, ಇನ್ನು ಬರುವುದಿಲ್ಲ ಎಂದು ಯಜಮಾನರಿಗೆ ಹೇಳಿಬಿಟ್ಟರು. ಬೀಳ್ಕೊಡುವ ದಿನ ಎಲ್ಲರೂ ಕೈಯಲ್ಲಿ ಕಪ್ಪು ಹಿಡಿದು ನಿಂತಿದ್ದಾಗ ಅವರು ನನ್ನ ಕಡೆ ಬೆರಳು ತೋರಿಸಿ, "ಇಷ್ಟು ದಿನ ನನಗೆ ಕಂಪ್ಯೂಟರ್ ಬರಲ್ಲ ಅನ್ನೋದನ್ನ ಮುಚ್ಚಿಟ್ಟವಳು ಇವಳು. ಒಂದು ದಿನಾನೂ ನನ್ನ ನೋಡಿ ನಗಲಿಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದನ್ನು ಕಥೆಯಲ್ಲಿ ಓದಿದ್ದೆ. ಅವತ್ತು ನಿಜಕ್ಕೂ ನೆಲವನ್ನೇ ನೋಡಿದೆ. ಅಲ್ಲಿ ಮೇಣದ ಚೂರುಗಳಿದ್ದವು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಕಿಟಕಿ ಪಕ್ಕದ ಅವರ ಮೇಜನ್ನು ನನಗೆ ಕೊಟ್ಟರು. ಬೆಳಕು ಚೆನ್ನಾಗಿ ಬರುತ್ತದೆ ಎಂದು ನಿಮಗೆ ಫೋನಿನಲ್ಲಿ ತೋರಿಸಿದ್ದೆನಲ್ಲ, ಅದೇ ಮೇಜು.

ಹೋದ ತಿಂಗಳ ಮೊದಲ ವಾರ ಅವರ ಹೆಂಡತಿಯ ಫೋನ್ ಬಂತು. ಮನೆಯ ಕಂಪ್ಯೂಟರ್ ಹತ್ತುತ್ತಿಲ್ಲ, ನೀನು ಬಂದು ನೋಡ್ತೀಯಾ, ಇವರು ನಿನ್ನನ್ನ ಬಿಟ್ಟು ಬೇರೆ ಯಾರನ್ನೂ ನಂಬಲ್ಲ ಎಂದರು. ಆ ಶನಿವಾರ ಹೋದೆ. ಸಣ್ಣ ಮನೆ, ಅಡುಗೆಮನೆಯಲ್ಲೇ ಮೇಜು. ಒಳಗೆ ಕಾಲಿಟ್ಟ ಕೂಡಲೇ ಒಲೆಯ ಮೇಲಿನ ಗೋಡೆಯಲ್ಲಿ "ಆರಿಸಿದೆಯಾ?" ಎಂದು ದಪ್ಪ ಅಕ್ಷರದಲ್ಲಿ ಅಂಟಿಸಿದ್ದ ಕಾಗದ ಕಂಡಿತು. ಬಾಗಿಲ ಮೇಲೆ "ಬೀಗ?" ಎಂದು ಇನ್ನೊಂದು. ಕಾರಿನ ಕೀಲಿ ಅವರ ಹೆಂಡತಿಯ ಕೊರಳಲ್ಲಿ ದಾರದಲ್ಲಿ ನೇತಾಡುತ್ತಿತ್ತು. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ, ಪ್ಲಗ್ ಸಡಿಲವಾಗಿತ್ತು. ಒತ್ತಿದೆ, ಹತ್ತಿತು. "ಇದರಲ್ಲೇನು ಮಾಡ್ತೀರಿ?" ಎಂದು ಸುಮ್ಮನೆ ಕೇಳಿದೆ. ಅಜ್ಜ ನಗಲು ನೋಡಿದರು. "ಡಾಕ್ಟರು ಕೊಟ್ಟಿರೋ ಆಟ. ಚಿತ್ರ ತೋರಿಸ್ತಾರೆ, ಮುಚ್ತಾರೆ, ಎಲ್ಲಿತ್ತು ಅಂತ ಕೇಳ್ತಾರೆ. ತಲೆ ಹೋಗ್ತಿದೆಯಾ ಅಂತ ನೋಡೋದಕ್ಕೆ" ಅಂದರು. ಯಾಕೆ, ಏನಾಯಿತು ಎಂದೆ. ಆಗ ಹೆಂಡತಿ ಹೇಳಿದರು: "ಆ ಸಂಗೀತದವಳ ಕೆಲಸ ಇವರೇ ಅಳಿಸಿದ್ರಂತಲ್ಲ. ಅಳಿಸಿದ್ದು ಇವರಿಗೆ ಒಂಚೂರೂ ನೆನಪಿಲ್ಲ. ಅಷ್ಟು ದೊಡ್ಡದು ಮರೆತವರು ಇನ್ನೇನು ಮರೀತಾರೋ ಅಂತ ಇವರಿಗೇ ಭಯ. ಕಾರು ಮುಟ್ಟಲ್ಲ, ಒಲೆ ಹಚ್ಚಲ್ಲ. ಮೊಮ್ಮಗುನ ಎತ್ಕೊಳ್ಳಲ್ಲ, ಎಲ್ಲಾದ್ರೂ ಇಟ್ಟು ಮರೆತುಬಿಟ್ರೆ ಅಂತ."

ಮಾವ, ನಾನು ಒಂದು ಫೋಲ್ಡರ್ ಅಳಿಸಿದ್ದೇನೆ ಎಂದುಕೊಂಡಿದ್ದೆ. ಒಬ್ಬರ ಕೆಲಸ ಹೋಯಿತು ಎಂದುಕೊಂಡಿದ್ದೆ. ಆ ಅಡುಗೆಮನೆಯಲ್ಲಿ ಗೊತ್ತಾಯಿತು. ಒಬ್ಬ ಮನುಷ್ಯ ತನ್ನ ತಲೆಯನ್ನೇ ನಂಬದ ಹಾಗೆ ಮಾಡಿದ್ದೆ, ಅದೂ ಒಂದು ಬೈಗುಳ ತಪ್ಪಿಸಿಕೊಳ್ಳಲಿಕ್ಕೆ. ಅಜ್ಜ ಪರದೆಯ ಮುಂದೆ ಕೂತು, ಬೆರಳನ್ನು ಗುಂಡಿಯ ಮೇಲೆ ತೇಲಿಸಿ, "ನೋಡು, ನೀನು ನನ್ನ ಜೊತೆ ಕೆಲಸ ಮಾಡಿದವಳು. ನಿಜ ಹೇಳು, ಮೊದಲಿಗಿಂತ ನಿಧಾನ ಆಗಿದೀನಾ?" ಎಂದು ಕೇಳಿದರು. "ಅಳಿಸಿದ್ದು ನೀವಲ್ಲ, ನಾನು" ಅಂದೆ. ಅವರಿಗೆ ಕೇಳಿಸಲಿಲ್ಲವೋ ನಂಬಲಿಲ್ಲವೋ, "ಏನು?" ಅಂದರು. ಮತ್ತೆ ಹೇಳಿದೆ. ನಿಮ್ಮ ಪಾಸ್‌ವರ್ಡ್ ಹಾಕಿ, ನೀವು ಹೊರಗೆ ಹೋದಾಗ, ತೆರೆದೂ ನೋಡದೆ ಅಳಿಸಿದೆ, ಆಮೇಲೆ ಸುಮ್ಮನಿದ್ದೆ, ಅಂದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅವರು ಕುರ್ಚಿಯಿಂದ ಎದ್ದರು. "ನಾನಲ್ಲ?" ಅಂದರು. ಹೆಂಡತಿಯ ಕಡೆ ತಿರುಗಿ, ಕಿವುಡರಿಗೆ ಹೇಳುವಂತೆ ಕೂಗಿ ಹೇಳಿದರು: "ಕೇಳಿದ್ಯಾ? ನಾನಲ್ವಂತೆ! ನಾನಲ್ಲ! ನನಗೆ ನೆನಪಿಲ್ಲ ಯಾಕೆ ಅಂದ್ರೆ ನಾನು ಮಾಡೇ ಇಲ್ಲ!" ಗೋಡೆಯ ಕಾಗದ ಕಿತ್ತು, ಒಲೆ ಹಚ್ಚಿ, ಟೀಗೆ ನೀರಿಟ್ಟರು. ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಹಳೆಯ ಹಾಡಿನ ತುಣುಕು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವರಿಗೆ ಪುರುಸೊತ್ತಿರಲಿಲ್ಲ. ಆ ಖುಷಿಯನ್ನು ನೋಡಿಕೊಂಡು ನಿಲ್ಲುವುದಕ್ಕಿಂತ ಕಪಾಳಕ್ಕೆ ಬಿದ್ದಿದ್ದರೆ ಚೆನ್ನಾಗಿತ್ತು.

ಅವರ ಹೆಂಡತಿ ಮಾತ್ರ ಕದಲಿರಲಿಲ್ಲ. ಇಷ್ಟು ವರ್ಷ ಬಸ್ಸಿನ ಕನ್ನಡಿಯಲ್ಲಿ ಜನರನ್ನು ನೋಡಿದ ಕಣ್ಣು ಅದು. "ಎಷ್ಟು ರಾತ್ರಿ ಇವರು ಎದ್ದು ಕೂತಿದಾರೆ ಗೊತ್ತಾ ನಿಂಗೆ?" ಎಂದು ಕೇಳಿದರು, ದನಿ ಎತ್ತದೆ. ನಾನು ಅಳತೊಡಗಿದೆ. "ಇಲ್ಲಿ ಅಳ್ಬೇಡ. ಇಲ್ಲಿ ಹೇಳಿದ್ದೂ ಸಾಲದು. ಎಲ್ಲಿ ಇವರು ತಲೆ ತಗ್ಗಿಸಿದ್ರೋ ಅಲ್ಲಿ ಹೇಳು. ಸೋಮವಾರ ಬೆಳಗ್ಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದರು. ಅಜ್ಜ, "ಬಿಡೇ, ಪಾಪ" ಎಂದದ್ದಕ್ಕೆ, "ನೀವು ಟೀ ಮಾಡ್ರಿ" ಎಂದು ಬಾಯಿ ಮುಚ್ಚಿಸಿದರು. ಟೀ ಕುಡಿಯಲು ಅವರು ನನಗೆ ಹೇಳಲಿಲ್ಲ. ನಾನೂ ನಿಲ್ಲಲಿಲ್ಲ.

ಸೋಮವಾರ ಅವರು ಹೇಳಿದ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿ ಹಾರ್ನ್ ಹೊಡೆದರು. ಅಜ್ಜ ಹಿಂದಿನ ಸೀಟಿನಲ್ಲಿದ್ದರು. ಬೆಳಗಿನ ಟೀ ಹೊತ್ತಿಗೆ, ಎಲ್ಲರೂ ಪ್ರಿಂಟರ್ ಪಕ್ಕದ ಉದ್ದ ಮೇಜಿನ ಸುತ್ತ ಇದ್ದಾಗ, ಆಕೆ ಬಾಗಿಲಿಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತರು. ಅಜ್ಜ ಅವರ ಪಕ್ಕದಲ್ಲಿ ಮುಜುಗರಪಟ್ಟುಕೊಂಡು ಟೋಪಿ ತಿರುವುತ್ತಿದ್ದರು. ನಾನು ಹೇಳಿದೆ. ಇವರ ಭಾಷೆಯಲ್ಲಿ ನನಗೆ ಹಲ್ಲಿನ ಮಾತು, ಕಂಪ್ಯೂಟರಿನ ಮಾತು ಬರುತ್ತದೆ. ತಪ್ಪೊಪ್ಪಿಕೊಳ್ಳುವ ಮಾತು ಯಾರೂ ಕಲಿಸಿರಲಿಲ್ಲ. ಮಕ್ಕಳ ಹಾಗೆ ತುಂಡು ತುಂಡಾಗಿ ಹೇಳಿದೆ: ನಾನು ಅಳಿಸಿದೆ. ನಾನು ನಕಲು ಇಡಲಿಲ್ಲ, ಇಟ್ಟೆ ಎಂದೆ. ನನಗೆ ಕಂಪ್ಯೂಟರ್ ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ. ಪಾಲಿಶ್ ಹಾಕುವವನು, ಕುಹಕವಲ್ಲ, ನಿಜವಾದ ಕಳವಳದಿಂದ, "ಹಾಗಾದ್ರೆ ಇನ್ಮೇಲೆ ಪ್ರಿಂಟರ್ ಯಾರು ನೋಡ್ತಾರೆ?" ಅಂದ. ಒಬ್ಬರಿಬ್ಬರು ನಕ್ಕರು. ಅಜ್ಜನೂ ನಕ್ಕರು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಯಜಮಾನರು ನನ್ನನ್ನು ಒಳಗೆ ಕರೆದು ಮಾತಾಡಿದರು. ಅದು ಇರಲಿ.

ಅಜ್ಜ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ಅವರ ಮೇಜನ್ನು ನಾನೇ ಒರೆಸಿ ಬಿಟ್ಟುಕೊಟ್ಟೆ. ಸಂಗೀತದ ಹೆಂಗಸಿಗೆ ಕಾಗದ ಬರೆದು ಕ್ಷಮೆ ಕೇಳಿ, ನಿಮ್ಮ ಹಳೆಯ ಫೋಟೋಗಳಲ್ಲಿ ನಗುತ್ತಿರುವವು ಯಾವುದಾದರೂ ಇದ್ದರೆ ಕಳಿಸಿ ಎಂದು ಕೇಳಿಕೊಂಡೆ. ಅವರು ಕ್ಷಮಿಸಿದ್ದೇನೆ ಎಂದು ಬರೆಯಲಿಲ್ಲ, ಆದರೆ ಫೋಟೋಗಳನ್ನು ಕಳಿಸಿದರು. ಅಜ್ಜ ಅವುಗಳನ್ನು ದೀಪದ ಮುಂದೆ ನಿಲ್ಲಿಸಿಕೊಂಡು ಮೇಣದಲ್ಲಿ ಕೆತ್ತುತ್ತಿದ್ದಾರೆ. ಸ್ಕ್ಯಾನಿನಲ್ಲಿದ್ದಷ್ಟು ನಿಖರ ಇದಾಗುವುದಿಲ್ಲವಂತೆ, ಹತ್ತಿರ ಹತ್ತಿರ ಆಗುತ್ತದಂತೆ. ನನ್ನ ಜೊತೆ ಮೊದಲಿನ ಹಾಗೆ ಮಾತಿಲ್ಲ. ಆ ಮೊದಲ ಖುಷಿ ಇಳಿದ ಮೇಲೆ ಸಿಟ್ಟು ಬಂದಿರಬೇಕು, ಬರಲೇಬೇಕಲ್ಲವೇ. ಬೆಳಗ್ಗೆ ನಮಸ್ಕಾರ ಹೇಳಿದರೆ ತಲೆಯಾಡಿಸುತ್ತಾರೆ, ಅಷ್ಟೇ. "ಆರಿಸಿ-ಹಾಕಮ್ಮ" ಎಂದು ಕರೆದು ಬಹಳ ದಿನವಾಯಿತು.

ಇದನ್ನೆಲ್ಲ ನಿಮಗೇ ಯಾಕೆ ಬರೆದೆ ಎಂದರೆ, ನಾನು ಇಲ್ಲಿಗೆ ಹೊರಡುವಾಗ ನೆಂಟರೆಲ್ಲ "ಹೆಂಗಸು, ಗಂಡ ಮಗು ಬಿಟ್ಟು" ಎಂದು ರಾಗ ತೆಗೆದಾಗ, "ಅವಳ ಕೈ ಸುಳ್ಳು ಹೇಳಲ್ಲ, ಹೋಗ್ಲಿ ಬಿಡಿ" ಎಂದವರು ನೀವೊಬ್ಬರೇ. ಕೈ ಹೇಳಲಿಲ್ಲ ಮಾವ, ಬಾಯಿ ಹೇಳಿತು. ನೀವು ಬೈದರೆ ಬೈಸಿಕೊಳ್ಳುತ್ತೇನೆ. ಬೈಯದೆ ಸುಮ್ಮನಿದ್ದರೆ ನನಗೆ ತಡೆಯುವುದು ಕಷ್ಟ.

ಪುಟ್ಟಿಗೆ ಹಲ್ಲುಜ್ಜಿಸಿ, ರಾತ್ರಿಯೂ. ಹಲ್ಲು ಮಾಡುವವಳ ಮಗಳು ಹುಳುಕು ಹಲ್ಲಲ್ಲಿ ನಕ್ಕರೆ ನನ್ನ ಕಸುಬಿಗೇ ಅವಮಾನ. ಅತ್ತೆಯ ಕಾಲಿಗೆ ನನ್ನ ಪರವಾಗಿ ನೀವೇ ಎಣ್ಣೆ ಹಚ್ಚಿ, ಅವರು ಬೇಡವೆಂದರೂ. ಇಬ್ಬರ ಪಾದಗಳಿಗೂ ಇಲ್ಲಿಂದಲೇ ತಲೆ ಮುಟ್ಟಿಸುತ್ತಿದ್ದೇನೆ. ಹರಸುವಂಥದ್ದೇನೂ ನಾನು ಮಾಡಿಲ್ಲ, ಆದರೂ ಹರಸಿ.

ನಿಮ್ಮ ಮನೆಯ ಮಗಳೇ ಆದ
ಸೊಸೆ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಲಕೋಟೆ ಅಂಟಿಸಿಕೊಂಡು ಅಂಚೆ ಡಬ್ಬಿಯ ತನಕ ಬಂದವಳು ಮತ್ತೆ ಬಿಚ್ಚಿ, ಡಬ್ಬಿಯ ಮೇಲೆಯೇ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸಣ್ಣದಾಯಿತು, ಕಣ್ಣಿಗೆ ಕಷ್ಟ ಕೊಡುತ್ತಿದ್ದೇನೆ. ಯಜಮಾನರು ಒಳಗೆ ಕರೆದು ಹೇಳಿದ್ದು, ನನ್ನನ್ನು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದು. ಈ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಅದರ ಜೊತೆಗೆ ಇಲ್ಲಿರುವ ಪರವಾನಗಿಯೂ. ನಾನು ಮನೆಗೆ ಬರುತ್ತಿದ್ದೇನೆ. ನಿಮ್ಮ ಮಗನಿಗೆ ಗೊತ್ತಿಲ್ಲ, ಅವರಿಗೆ ಹೇಳಲು ನನಗೆ ಬಾಯಿಲ್ಲ, ನೀವೇ ಹೇಳಬೇಕು. "ಅಲ್ಲಿ ಕೆಲಸ ಕಡಿಮೆಯಾಯ್ತಂತೆ" ಎನ್ನಿ ಎಂದು ಮೊದಲು ಬರೆದು ಹೊಡೆದುಹಾಕಿದ್ದೇನೆ. ಹಾಗೆ ಹೇಳಬೇಡಿ ಮಾವ. ತಪ್ಪು ಮಾಡಿದಳು, ಇನ್ನೊಬ್ಬರ ತಲೆಗೆ ಕಟ್ಟಿದಳು, ಅದಕ್ಕೆ ಕಳಿಸಿದರು ಎಂದೇ ಹೇಳಿ. ಪುಟ್ಟಿಗೆ ಮಾತ್ರ ನೀವು ಏನೂ ಹೇಳಬೇಡಿ. ಅವಳನ್ನು ಎದುರಿಗೆ ಕೂರಿಸಿಕೊಂಡು ನಾನೇ ಹೇಳುತ್ತೇನೆ.